ಆನ್‌ಲೈನ್ ಫಾರಂಗಳಲ್ಲಿ ತಾನಾಗಿ ಬರುವ ಹೆಸರು: ಕೊಡಗಿನ ಪಟ್ಟಿಗಳ ನೆಲೆಯಲ್ಲಿ

ಆನ್‌ಲೈನ್ ಪಟ್ಟಿಯೊಂದಕ್ಕೆ ಹೊಸ ಸಾಲು ಸೇರಿಸಲು ಫಾರಂ ತೆರೆದಾಗ, ಬಳಕೆದಾರ ಏನನ್ನೂ ಟೈಪ್ ಮಾಡುವ ಮೊದಲೇ ಹೆಸರಿನ ಕಾಲಂನಲ್ಲಿ ಕಾಣಿಸಿಕೊಳ್ಳುವ ಹೆಸರಿಗೆ ಡಿಫಾಲ್ಟ್ ಹೆಸರು ಎನ್ನುತ್ತಾರೆ. ಅದನ್ನು ಅಳಿಸಬಹುದು, ಬದಲಿಸಬಹುದು. ಯಾರೂ ಮುಟ್ಟದಿದ್ದರೆ ಅದೇ ಹೆಸರು ದಾಖಲೆಗೆ ಹೋಗುತ್ತದೆ. ಖಾಲಿ ಕಾಲಂನಲ್ಲಿ ಮಸುಕಾಗಿ ಕಾಣುವ ‘ನಿಮ್ಮ ಹೆಸರು ಬರೆಯಿರಿ’ ಎಂಬ ಸೂಚನೆ ಡಿಫಾಲ್ಟ್ ಅಲ್ಲ. ಟೈಪ್ ಮಾಡಲು ಶುರುಮಾಡಿದರೆ ಅದು ಮಾಯವಾಗುತ್ತದೆ, ಸರ್ವರ್‌ಗೆ ಹೋಗುವುದೂ ಇಲ್ಲ. ನೋಡಲು ಎರಡೂ ಒಂದೇ ತರಹ ಇರುವುದರಿಂದ, ತುಂಬಿದೆ ಎಂದುಕೊಂಡು ಖಾಲಿ ಅರ್ಜಿ ಕಳಿಸುವವರೂ ಇದ್ದಾರೆ, ಬರೀ ಸೂಚನೆ ಎಂದುಕೊಂಡು ಬೇರೆಯವರ ಹೆಸರನ್ನೇ ಉಳಿಸಿಬಿಡುವವರೂ ಇದ್ದಾರೆ.

ವೆಬ್ ಫಾರಂನಲ್ಲಿ ಮೊದಲೇ ಮೌಲ್ಯ ತುಂಬಿಡುವ ಏರ್ಪಾಟು 1995ರ ಎಚ್‌ಟಿಎಂಎಲ್ 2.0 ನಿರೂಪಣೆಯಲ್ಲಿಯೇ ಇತ್ತು. ಈಗ ಅಂಥ ಹೆಸರು ಮೂರು ಕಡೆಯಿಂದ ಬರುತ್ತದೆ. ಫಾರಂ ಮಾಡಿದವರು ಒಂದೇ ಹೆಸರನ್ನು ಸ್ಥಿರವಾಗಿ ಬರೆದಿಟ್ಟಿರಬಹುದು. ಲಾಗಿನ್ ಆದವರು ಯಾರೆಂದು ನೋಡಿ ವ್ಯವಸ್ಥೆಯೇ ಅವರ ಹೆಸರನ್ನು ತುಂಬಬಹುದು. ಇಲ್ಲವೇ ಆಧಾರ್, ಪಡಿತರ ಚೀಟಿ, ಪಹಣಿಯಂಥ ಬೇರೊಂದು ದಾಖಲೆಯಿಂದ, ಅದರ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು, ಎಳೆದು ತರಬಹುದು. ಇವಲ್ಲದೆ ಬ್ರೌಸರ್ ತನ್ನ ನೆನಪಿನಿಂದ ಸೂಚಿಸುವ ಹೆಸರುಗಳೂ ಇವೆ. ಅವು ಫಾರಂಗೆ ಸೇರಿದವಲ್ಲ, ಆ ಕಂಪ್ಯೂಟರಿಗೆ ಸೇರಿದವು.

ಕಚೇರಿಗಳ ಆನ್‌ಲೈನ್ ಪಟ್ಟಿಗಳಲ್ಲಿ ಹೆಚ್ಚು ಬಳಕೆಗೆ ಬಂದ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ ಈ ಕೆಲಸ ಅಂದುಕೊಂಡಷ್ಟು ಸಲೀಸಲ್ಲ. ದಿನಾಂಕದ ಕಾಲಂಗೆ ‘ಇಂದು’ ಎಂದು ಡಿಫಾಲ್ಟ್ ಕೊಡಲು ಸೆಟ್ಟಿಂಗ್ ಉಂಟು. ‘ವ್ಯಕ್ತಿ’ ಬಗೆಯ ಕಾಲಂಗೆ ‘ಈಗ ಲಾಗಿನ್ ಆದವರು’ ಎಂದು ಕೊಡಲು ಅಂಥ ಸರಳ ಸೆಟ್ಟಿಂಗ್ ಬಹುಕಾಲ ಇರಲೇ ಇಲ್ಲ. ಆ ಕಾಲಂನಲ್ಲಿ ಉಳಿಯುವುದು ಹೆಸರಿನ ಅಕ್ಷರಗಳಲ್ಲ ಎಂಬುದು ಇದಕ್ಕೆ ಕಾರಣ. ಬಳಕೆದಾರರ ಒಳಪಟ್ಟಿಯೊಂದರಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇರುತ್ತದೆ. ಕಾಲಂನಲ್ಲಿ ಆ ಸಂಖ್ಯೆ ಕೂರುತ್ತದೆ, ಪರದೆಯ ಮೇಲೆ ಅದಕ್ಕೆ ಹೊಂದುವ ಹೆಸರು ತೋರುತ್ತದೆ. ಪಟ್ಟಿಯನ್ನು ಸೋಸುವಾಗ ‘ನಾನು’ ಎಂಬ ಗುರುತನ್ನು ಬಳಸಬಹುದು, ಆದರೆ ಲೆಕ್ಕಾಚಾರದ ಸೂತ್ರದಲ್ಲಿ ಅದಕ್ಕೆ ಅವಕಾಶವಿಲ್ಲ. ಹೀಗಾಗಿ ಕೆಲವರು ಜಾವಾಸ್ಕ್ರಿಪ್ಟ್ ಬರೆದು ಹೆಸರು ತುಂಬಿದರು, ಕೆಲವರು ಇನ್ಫೋಪಾತ್‌ನ ‘ಯೂಸರ್‌ನೇಮ್’ ಸೂತ್ರದ ಮೊರೆಹೋದರು. 2013ರ ಆವೃತ್ತಿಯೇ ಕೊನೆಯದಾಗಿ ಇನ್ಫೋಪಾತ್ ನಿಂತುಹೋದ ಮೇಲೆ ಆ ಜಾಗಕ್ಕೆ ಪವರ್ ಆ್ಯಪ್ಸ್‌ನ ‘ಯೂಸರ್’ ಸೂತ್ರ ಬಂತು. ಅದರಲ್ಲೂ ಪೂರ್ಣ ಹೆಸರನ್ನಷ್ಟೇ ಕೊಟ್ಟರೆ ಸಾಲದು, ಇಮೇಲ್ ಸಹಿತ ಖಾತೆಯ ಗುರುತನ್ನೂ ಕೊಡಬೇಕು. ಗೂಗಲ್ ಫಾರಂಗಳ ದಾರಿ ಬೇರೆ. ಅಲ್ಲಿ ಲಾಗಿನ್ ಆದವರ ಇಮೇಲನ್ನು ತಾನಾಗಿ ದಾಖಲಿಸಬಹುದು. ಹೆಸರು ಮೊದಲೇ ಬರಬೇಕಾದರೆ ಒಬ್ಬೊಬ್ಬರಿಗೂ ಅವರವರ ಹೆಸರು ತುಂಬಿದ ಬೇರೆಬೇರೆ ಲಿಂಕ್ ಕಳಿಸಬೇಕು.

ಇದೆಲ್ಲ ತಂತ್ರದ ಮಾತು. ನಿಜವಾದ ತೊಡಕು ಇರುವುದು ಬೇರೆ ಕಡೆ. ಲಾಗಿನ್‌ನಿಂದ ಬರುವ ಹೆಸರು ಕಂಪ್ಯೂಟರ್ ಮುಂದೆ ಕುಳಿತವರು ಯಾರು ಎಂಬುದಕ್ಕೆ ಉತ್ತರ. ಫಾರಂ ಕೇಳುವುದು ಈ ದಾಖಲೆ ಯಾರದು ಎಂದು. ಪ್ರತಿಯೊಬ್ಬರೂ ತಮ್ಮ ರಜೆ ಅರ್ಜಿಯನ್ನು ತಾವೇ ತುಂಬುವ ಕಂಪನಿಯಲ್ಲಿ ಎರಡಕ್ಕೂ ಉತ್ತರ ಒಂದೇ. ಕರ್ನಾಟಕದ ಹಳ್ಳಿಗಳಲ್ಲಿ ಹಾಗಲ್ಲ.

ಬೇರೆಯವರ ಕೈಯಿಂದ ತುಂಬುವ ಫಾರಂ

ಮಡಿಕೇರಿ–ಸೋಮವಾರಪೇಟೆ ರಸ್ತೆಯ ಮಾದಾಪುರ ಕೊಡಗಿನ ಕಾಫಿ ತೋಟಗಳ ನಡುವಿನ ಪಂಚಾಯಿತಿ ಊರು. ಇಂಥ ಊರಿನಲ್ಲಿ ಅರ್ಜಿಯನ್ನು ಅರ್ಜಿದಾರರೇ ತುಂಬುವುದು ಅಪರೂಪ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಉಳಿದ ಸೇವೆಗಳಿಗೆ ಗ್ರಾಮ ಒನ್ ಕೇಂದ್ರ, ತೋಟದ ಕೂಲಿ ಲೆಕ್ಕಕ್ಕೆ ರೈಟರ್, ವಯಸ್ಸಾದ ತಂದೆತಾಯಿಯ ಪಿಂಚಣಿಗೆ ಬೆಂಗಳೂರಿನಲ್ಲಿರುವ ಮಗ ಅಥವಾ ಮಗಳು. ಹೀಗೆ ಎಲ್ಲೆಡೆಯೂ ಒಬ್ಬರದನ್ನು ಇನ್ನೊಬ್ಬರು ತುಂಬುತ್ತಾರೆ.

ತೋಟದ ಚೆಕ್‌ರೋಲ್ ಇದಕ್ಕೆ ಹಳೆಯ ಮಾದರಿ. ಬೆಳಿಗ್ಗೆ ಮೇಸ್ತ್ರಿ ಹೆಸರು ಕೂಗುತ್ತಾನೆ, ರೈಟರ್ ಪುಸ್ತಕದಲ್ಲಿ ಹಾಜರಿ ಹಾಕುತ್ತಾನೆ. ಎಡಗಡೆಯ ಹೆಸರುಗಳು ಹಿಂದಿನ ತಿಂಗಳ ಪುಟದಿಂದ ಇಳಿದು ಬಂದವು. ಬರೆದವನ ಸಹಿ ಪುಟದ ಕೆಳಗೆ. ಕೂಲಿಯವನ ಹೆಸರೂ ಬರೆದವನ ಹೆಸರೂ ಒಂದೇ ಕಾಲಂಗೆ ಬಂದು ಬೀಳುವ ಪ್ರಮೇಯವೇ ಅಲ್ಲಿಲ್ಲ. ಉದ್ಯೋಗ ಖಾತರಿಯ ಇ-ಮಸ್ಟರ್‌ರೋಲ್ ಕೂಡ ಹೆಚ್ಚುಕಡಿಮೆ ಇದೇ ರೀತಿಯದು. ಕೆಲಸ ಕೇಳಿದವರ ಹೆಸರು ಮೊದಲೇ ಅಚ್ಚಾಗಿರುತ್ತದೆ. 2021ರಲ್ಲಿ ಮೊಬೈಲ್ ಹಾಜರಾತಿ ಬಂದ ಮೇಲೆ, ಕೆಲಸದ ಮೇಲ್ವಿಚಾರಣೆ ನೋಡುವ ಮೇಟ್ ತನ್ನ ಲಾಗಿನ್‌ನಿಂದ ಆ ಹೆಸರುಗಳ ಎದುರು ಹಾಜರಿ ಗುರುತಿಸಿ ಫೋಟೋ ಏರಿಸುವ ಕ್ರಮ ಶುರುವಾಯಿತು. ಆಗಲೂ ಲಾಗಿನ್ ಮೇಟ್‌ನದು, ಹೆಸರುಗಳು ಕೂಲಿಕಾರರದು.

ಲಾಗಿನ್ ಆದವರನ್ನೇ ಅರ್ಜಿದಾರರೆಂದು ಭಾವಿಸುವ ಫಾರಂ ಇಲ್ಲಿ ಎಡವುತ್ತದೆ. ಸೇವಾ ಕೇಂದ್ರದ ಆಪರೇಟರ್ ದಿನವಿಡೀ ಒಂದೇ ಖಾತೆಯಲ್ಲಿ ಹತ್ತಾರು ಜನರ ಅರ್ಜಿ ಹಾಕುತ್ತಾನೆ. ಹೆಸರಿನ ಕಾಲಂನಲ್ಲಿ ಪ್ರತಿ ಸಲವೂ ಅವನದೇ ಹೆಸರು ಬಂದರೆ ಪ್ರತಿ ಸಲವೂ ಅಳಿಸಬೇಕು. ಸಂತೆಯ ದಿನ ಸರದಿ ಉದ್ದವಿರುವಾಗ ಒಂದನ್ನು ಅಳಿಸಲು ಮರೆತರೂ ಪ್ರಮಾಣಪತ್ರ ಆಪರೇಟರ್ ಹೆಸರಿಗೆ ತಯಾರಾಗುತ್ತದೆ. ಹೆಸರು ತಪ್ಪಾದರೆ ಹೇಗೂ ಕಣ್ಣಿಗೆ ಬೀಳುತ್ತದೆ. ಮೊಬೈಲ್ ಸಂಖ್ಯೆ ಹಾಗಲ್ಲ. ಅರ್ಜಿದಾರರ ಬಳಿ ಫೋನ್ ಇಲ್ಲವೆಂದು ಕೇಂದ್ರದವರ ಸಂಖ್ಯೆ ಉಳಿದುಕೊಂಡರೆ, ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬ ಸಂದೇಶ ಸಂಬಂಧಪಟ್ಟವರಿಗೆ ಮುಟ್ಟುವುದೇ ಇಲ್ಲ. ಆದ್ದರಿಂದ ‘ತುಂಬಿದವರು’ ಮತ್ತು ‘ಅರ್ಜಿದಾರರು’ ಎಂದು ಎರಡು ಕಾಲಂ ಇಟ್ಟು, ಮೊದಲನೆಯದನ್ನು ಲಾಗಿನ್‌ನಿಂದ ತಿದ್ದಲಾಗದಂತೆ ತುಂಬಿ, ಎರಡನೆಯದನ್ನು ಖಾಲಿ ಬಿಡುವುದು ಸರಿಯಾದ ಕ್ರಮ. ಶೇರ್‌ಪಾಯಿಂಟ್ ಪಟ್ಟಿಗಳಲ್ಲಿ ‘ರಚಿಸಿದವರು’, ‘ಬದಲಿಸಿದವರು’ ಎಂಬ ಕಾಲಂಗಳು ಮೊದಲಿನಿಂದಲೂ ತಾವಾಗಿ ತುಂಬಿಕೊಳ್ಳುತ್ತವೆ. ಡಿಫಾಲ್ಟ್ ಹೆಸರು ಬೇಕೆಂದು ಕೇಳುವವರಲ್ಲಿ ಅನೇಕರಿಗೆ ವಾಸ್ತವದಲ್ಲಿ ಬೇಕಾದದ್ದು ಆ ಕಾಲಂ ಮಾತ್ರ.

ಕರ್ನಾಟಕದ ಪಹಣಿ ಗಣಕೀಕರಣ ಯೋಜನೆ ‘ಭೂಮಿ’ ಈ ವ್ಯತ್ಯಾಸವನ್ನು ಆರಂಭದಲ್ಲೇ ಗುರುತಿಸಿತ್ತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಆ ಯೋಜನೆಯಲ್ಲಿ ಸಿಬ್ಬಂದಿಯ ಲಾಗಿನ್‌ಗೆ ಪಾಸ್‌ವರ್ಡ್ ಜೊತೆಗೆ ಬೆರಳಚ್ಚನ್ನೂ ಇಟ್ಟರು. ತಿದ್ದುಪಡಿ ಮಾಡಿದವರ ಗುರುತು ತಾನಾಗಿ ದಾಖಲಾಗುತ್ತಿದ್ದುದರಿಂದ, ‘ಅದು ನಾನಲ್ಲ, ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದ್ದಾರೆ’ ಎಂದು ಜಾರಿಕೊಳ್ಳಲು ಆಗುತ್ತಿರಲಿಲ್ಲ.

ಕಾನೂನು ಕೊಡುವ ಹೆಸರು, ಪಹಣಿ ಕೊಡುವ ಹೆಸರು

ಡಿಫಾಲ್ಟ್ ಹೆಸರನ್ನು ನಿಗದಿ ಮಾಡುವುದು ಯಾವಾಗಲೂ ಪ್ರೋಗ್ರಾಮರ್ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥರೆಂದು ಕಾಣಬೇಕಾದವರು ಮನೆಯ 18 ವರ್ಷ ತುಂಬಿದ ಹೆಂಗಸರಲ್ಲಿ ಹಿರಿಯರು. ಅಂಥವರಿಲ್ಲದೆ ಚಿಕ್ಕ ಹುಡುಗಿ ಮಾತ್ರ ಇದ್ದರೆ ಹಿರಿಯ ಗಂಡಸು ಮುಖ್ಯಸ್ಥ. ಹುಡುಗಿಗೆ 18 ತುಂಬಿದ ದಿನ ಆ ಸ್ಥಾನ ಅವಳಿಗೆ. ಕಾಲಕ್ಕೆ ತಕ್ಕಂತೆ ತಾನೇ ಬದಲಾಗುವ ಡಿಫಾಲ್ಟನ್ನು ಕಾನೂನಿನ ಭಾಷೆಯಲ್ಲಿ ಇಷ್ಟು ಚೊಕ್ಕವಾಗಿ ಬರೆದದ್ದು ಅಪರೂಪ. ಈ ಹೆಸರಿನ ಬೆಲೆ ಕರ್ನಾಟಕದ ಮನೆಮನೆಗೂ ಗೊತ್ತಾದದ್ದು 2023ರಲ್ಲಿ. ಆ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳ 2,000 ರೂಪಾಯಿ ಸಲ್ಲುವುದು ಪಡಿತರ ಚೀಟಿಯ ಯಜಮಾನಿಗೆ. ಚೀಟಿಯ ಸಂಖ್ಯೆ ಕೊಟ್ಟರೆ ಹೆಸರು ಅಲ್ಲಿಂದಲೇ ಬರುತ್ತಿತ್ತು. ಅತ್ತೆ ತೀರಿಕೊಂಡು ವರ್ಷಗಳಾದರೂ ಚೀಟಿಯಲ್ಲಿ ಅವರ ಹೆಸರೇ ಉಳಿದಿದ್ದ ಮನೆಗಳವರು, ಗಂಡಸಿನ ಹೆಸರೇ ಮುಂದಿದ್ದ ಮನೆಗಳವರು ಮೊದಲು ಆಹಾರ ಇಲಾಖೆಯಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಬೇಕಾಯಿತು. ಫಾರಂನಲ್ಲಿ ತಪ್ಪು ಏನೂ ಇರಲಿಲ್ಲ. ಫಾರಂ ನಂಬಿಕೊಂಡಿದ್ದ ಮೂಲದಲ್ಲಿ ಇತ್ತು.

ಕೊಡಗಿನಲ್ಲಿ ಇದಕ್ಕಿಂತ ಆಳವಾಗಿ ಬೇರುಬಿಟ್ಟ ಡಿಫಾಲ್ಟ್ ಹೆಸರೊಂದಿದೆ. ಅದು ಜಮ್ಮಾ ಜಮೀನಿನ ಪಟ್ಟೆದಾರನದು. ರಾಜರ ಕಾಲದಿಂದ ಬಂದ, ಬ್ರಿಟಿಷರ ಆಡಳಿತದಲ್ಲಿ 1899ರ ಕೊಡಗು ಭೂ ಮತ್ತು ಕಂದಾಯ ನಿಯಮಾವಳಿಯೊಳಗೆ ಸೇರಿದ ಜಮ್ಮಾ ಹಿಡುವಳಿ ಒಬ್ಬನದಲ್ಲ, ಇಡೀ ಒಕ್ಕದ್ದು, ಎಂದರೆ ಒಂದೇ ಮನೆಹೆಸರಿನ ಕುಟುಂಬದ್ದು. ಆದರೆ ಕಂದಾಯ ಕಟ್ಟಲು, ದಾಖಲೆಯಲ್ಲಿ ಕಾಣಿಸಲು ಒಂದು ಹೆಸರು ಬೇಕಲ್ಲ? ಒಕ್ಕದ ಹಿರಿಯನ ಹೆಸರು ಬರೆದರು. ಅವನೊಬ್ಬನೇ ಮಾಲೀಕನಲ್ಲ, ಮಾಲೀಕರೆಲ್ಲರ ಪರವಾಗಿ ಕಾಲಂನಲ್ಲಿ ನಿಂತವನು. ಹಿರಿಯ ತೀರಿಕೊಂಡ ಮೇಲೆ ಹೆಸರು ಬದಲಾಗದೆ ಉಳಿದದ್ದೂ ಉಂಟು. ಮನೆಯವರ ನಡುವೆ ಜಮೀನು ಬಾಯಿಮಾತಿನಲ್ಲಿ ಪಾಲಾಗಿ, ಒಬ್ಬೊಬ್ಬರು ಅವರವರ ಪಾಲಿನಲ್ಲಿ ಕಾಫಿ-ಕರಿಮೆಣಸು ಬೆಳೆದುಕೊಂಡು ಬಂದರೂ ದಾಖಲೆ ಮಾತ್ರ ಅಜ್ಜನ ಕಾಲದಲ್ಲೇ ನಿಂತಿತು.

ಕೈಬರಹದ ಪಹಣಿಯ ಕಾಲದಲ್ಲಿ ಇದರಿಂದ ಅಷ್ಟೇನೂ ತೊಂದರೆಯಾಗಲಿಲ್ಲ, ಯಾಕೆಂದರೆ ಯಾರ ಪಾಲು ಯಾವುದೆಂದು ಶ್ಯಾನುಭೋಗರಿಂದ ಹಿಡಿದು ಊರಿನವರಿಗೆಲ್ಲ ಗೊತ್ತಿತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಪಹಣಿಯ 9ನೇ ಕಾಲಂನ ಹೆಸರು ಈಗ ಬೇರೆ ಹತ್ತಾರು ಫಾರಂಗಳಿಗೆ ಮೂಲ. ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಸರ್ವೆ ನಂಬರಿನ ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ಬಿದ್ದರೆ ಮಾತ್ರ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ, ಬೆಳೆ ಹಾನಿ ಪರಿಹಾರಕ್ಕೂ ಸಾಲಕ್ಕೂ ಆ ಎಫ್‌ಐಡಿ. ಆಧಾರ್ ಶುರುವಾದದ್ದೇ 2010ರಲ್ಲಿ. ಅದಕ್ಕೆ ಎಷ್ಟೋ ಮೊದಲು ಸತ್ತ ಪಟ್ಟೆದಾರನಿಗೆ ಆಧಾರ್ ಎಲ್ಲಿಂದ ಬರಬೇಕು? 2024ರಲ್ಲಿ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಾದ್ಯಂತ ನಡೆದಾಗ, ತೀರಿಕೊಂಡವರ ಹೆಸರಿನಲ್ಲೇ ಉಳಿದ ಖಾತೆಗಳ ಸಮಸ್ಯೆ ಕೊಡಗಿಗಷ್ಟೇ ಸೀಮಿತವಲ್ಲ ಎಂಬುದು ಸ್ಪಷ್ಟವಾಯಿತು. ಬೇರೆ ಜಿಲ್ಲೆಗಳಲ್ಲಿ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರು ತರುವ ದಾರಿಯಿದೆ. ಜಮ್ಮಾದಲ್ಲಿ ಒಡೆತನವೇ ಒಕ್ಕದ್ದಾದ್ದರಿಂದ ಅದು ಅಷ್ಟು ನೇರವಲ್ಲ. ಜಮ್ಮಾ ಬಾಣೆಯ (ಗದ್ದೆಗೆ ಹೊಂದಿಕೊಂಡ ಕಾಡುಜಮೀನಿನ) ಮೇಲೆ ಹಿಡುವಳಿದಾರರಿಗಿರುವ ಹಕ್ಕಿನ ಪ್ರಶ್ನೆ ಹೈಕೋರ್ಟಿನ ಪೂರ್ಣಪೀಠದವರೆಗೆ ಹೋಗಿ, 1993ರಲ್ಲಿ ಚೆಕ್ಕೇರ ಪೂವಯ್ಯ ಪ್ರಕರಣದಲ್ಲಿ ಹಿಡುವಳಿದಾರರ ಪರವಾಗಿ ತೀರ್ಪು ಬಂತು. ಮುಂದೆ ರಾಜ್ಯದ ಭೂಕಂದಾಯ ಕಾಯ್ದೆಗೂ ಜಮ್ಮಾ ಕುರಿತು ತಿದ್ದುಪಡಿ ತಂದರು. ಒಂದು ಕಾಲಂನಲ್ಲಿ ಅನುಕೂಲಕ್ಕೆಂದು ಬರೆದಿಟ್ಟ ಹೆಸರನ್ನು ಸರಿಪಡಿಸಲು ಶಾಸನಸಭೆಯೇ ಕೈಹಾಕಬೇಕಾದ ಉದಾಹರಣೆ ಇದಕ್ಕಿಂತ ಬೇರೆ ಬೇಕಿಲ್ಲ.

ದಾಖಲೆಯಿಂದ ಹೆಸರು ಎಳೆಯುವ ಫಾರಂಗಳಲ್ಲಿ ಆ ಹೆಸರು ಯಾವ ದಾಖಲೆಯದು, ಎಂದಿನದು ಎಂಬುದನ್ನು ಪಕ್ಕದಲ್ಲೇ ತೋರಿಸುವ ಪದ್ಧತಿ ಇನ್ನೂ ಬೆಳೆದಿಲ್ಲ. ಅದರ ಅಗತ್ಯ ಕಾಣುವುದು ವಿಪತ್ತಿನ ಹೊತ್ತಿನಲ್ಲಿ. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು ಸುತ್ತ ಬೆಟ್ಟ ಕುಸಿದು ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಿಗೆ ಬಂದರು. ಮನೆ ಕಳೆದುಕೊಂಡವರಿಗೆ ಮುಂದೆ ಮಾದಾಪುರ ಸಮೀಪದ ಜಂಬೂರಿನಲ್ಲೂ ಬೇರೆಡೆಯೂ ಮನೆಗಳನ್ನು ಕಟ್ಟಿಕೊಟ್ಟರು. ಅಂಥ ಹೊತ್ತಿನ ಪಟ್ಟಿಗಳಲ್ಲಿ ಮನೆಯ ದಾಖಲೆ ಯಾರ ಹೆಸರಿನಲ್ಲಿದೆ ಎಂಬುದೂ ಆ ಮನೆಯಲ್ಲಿ ವಾಸವಿದ್ದವರು ಯಾರು ಎಂಬುದೂ ಬೇರೆಬೇರೆ ಪ್ರಶ್ನೆ. ಲೈನ್‌ಮನೆಯ ಕೂಲಿಕಾರರ ವಿಷಯದಲ್ಲಂತೂ ಮನೆ ತೋಟದ ಮಾಲೀಕರದೇ ಆಗಿರುತ್ತದೆ.

ಮೊದಲ ಹೆಸರು, ಕೊನೆಯ ಹೆಸರು

ತಾನಾಗಿ ಬಂದ ಹೆಸರು ಸರಿಯಾದ ವ್ಯಕ್ತಿಯದೇ ಆಗಿದ್ದರೂ ಅದನ್ನು ಕಾಲಂಗಳಿಗೆ ಹಂಚುವಾಗ ಮತ್ತೊಂದು ಕಗ್ಗಂಟು. ಕೊಡವರಲ್ಲಿ ಮನೆಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು 1924ರಲ್ಲಿ ಪ್ರಕಟಿಸಿದ ಚಿಣ್ಣಪ್ಪನವರ ಮನೆಹೆಸರು ನಡಿಕೇರಿಯಂಡ, 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭಿಸಿದ ಕುಟ್ಟಪ್ಪನವರದು ಪಂದಂಡ. ಆ ಹಾಕಿ ಹಬ್ಬದಲ್ಲಿ ತಂಡಗಳ ಪಟ್ಟಿಯೇ ಮನೆಹೆಸರುಗಳ ಪಟ್ಟಿ; ಪ್ರತಿವರ್ಷ ಹಬ್ಬಕ್ಕೂ ಆತಿಥ್ಯ ವಹಿಸಿದ ಒಕ್ಕದ ಹೆಸರೇ. ಕೊಡಗಿನ ಅರೆಭಾಷೆ ಗೌಡರಲ್ಲಿಯೂ ಮನೆಹೆಸರು ಮುಂದಿರುತ್ತದೆ. ಬ್ರಿಟಿಷರ ವಿರುದ್ಧ ನಡೆದ 1837ರ ಹೋರಾಟದ ಗುಡ್ಡೆಮನೆ ಅಪ್ಪಯ್ಯ ಗೌಡ, ಕೆದಂಬಾಡಿ ರಾಮಯ್ಯ ಗೌಡ ಎಂಬ ಹೆಸರುಗಳನ್ನು ನೋಡಬಹುದು.

ಭಾರತೀಯ ಸೇನೆಯನ್ನು ಮುನ್ನಡೆಸಿದ ಕೊಡಗಿನ ಇಬ್ಬರ ಹೆಸರುಗಳು ಈ ಕಗ್ಗಂಟಿಗೆ ಒಳ್ಳೆಯ ಪರೀಕ್ಷೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಕೊಡಂದೇರ ಮನೆಹೆಸರು, ಮಾದಪ್ಪ ತಂದೆ, ಕಾರ್ಯಪ್ಪ ಸ್ವಂತ ಹೆಸರು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬಲ್ಲಿ ಸ್ವಂತ ಹೆಸರು ಸುಬ್ಬಯ್ಯ. ಜಗತ್ತು ಅವರನ್ನು ಕರೆದ ತಿಮ್ಮಯ್ಯ ಎಂಬುದು ತಂದೆಯ ಹೆಸರು. ಮೂರು ಮೂರು ಪದಗಳ, ನೋಡಲು ಒಂದೇ ಅಚ್ಚಿನ ಈ ಎರಡು ಹೆಸರುಗಳನ್ನು ‘ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು’ ಎಂದು ಒಡೆಯುವ ಯಾವ ಯಾಂತ್ರಿಕ ನಿಯಮವೂ ಇಬ್ಬರಿಗೂ ಸರಿಹೊಂದುವುದಿಲ್ಲ. ಅದು ಮೊದಲ ಪದವನ್ನು ಸ್ವಂತ ಹೆಸರೆಂದು ತಿಳಿದರೆ ಇಬ್ಬರನ್ನೂ ‘ಪ್ರಿಯ ಕೊಡಂದೇರ’ ಎಂದೇ ಸಂಬೋಧಿಸೀತು.

ಹಳೆಯ ಮೈಸೂರು ಭಾಗದ ಪದ್ಧತಿಯೂ ಯಂತ್ರಕ್ಕೆ ಸುಲಭವಲ್ಲ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರುಗಳಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ಪ್ಯಾನ್ ಅರ್ಜಿ ಕೊನೆಯ ಹೆಸರನ್ನು ಕಡ್ಡಾಯ ಮಾಡುತ್ತದೆ, ಇನಿಷಿಯಲ್ ಒಪ್ಪುವುದಿಲ್ಲ. ಆಧಾರ್‌ನಲ್ಲಿ ಇಡೀ ಹೆಸರಿಗೆ ಒಂದೇ ಕಾಲಂ. ಎರಡರಿಂದಲೂ ಹೆಸರು ಎಳೆಯುವ ಫಾರಂ ಒಬ್ಬರನ್ನೇ ಇಬ್ಬರಾಗಿ ತೋರಿಸುವುದುಂಟು. ಹೆಂಗಸರಿಗೆ ಇನ್ನೊಂದು ಪದರ. ಕೊಡವ ಹೆಣ್ಣು ಮದುವೆಯಾದ ಮೇಲೆ ಗಂಡನ ಒಕ್ಕ ಸೇರುವುದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಮನೆಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯದು. ಇವೆಲ್ಲಕ್ಕೂ ಪರಿಹಾರ ಸರಳ: ಹೆಸರಿಗೆ ಒಂದೇ ಉದ್ದದ ಕಾಲಂ ಕೊಡುವುದು, ಸಂಬೋಧಿಸಲು ಬೇಕಾದರೆ ‘ಹೇಗೆ ಕರೆಯಬೇಕು’ ಎಂದು ಪ್ರತ್ಯೇಕವಾಗಿ ಕೇಳುವುದು. ಹೆಸರುಗಳ ಬಗ್ಗೆ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಕೊಡುವ ಸಲಹೆಯೂ ಬಹುಮಟ್ಟಿಗೆ ಇದೇ.

ವಿದೇಶಕ್ಕೆ ಹೋದಾಗ ಕಾಲಂ ಖಾಲಿ ಉಳಿದದ್ದೇ ಒಂದು ಹೆಸರಾಗಿಬಿಡುತ್ತದೆ. ಭಾರತದ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಕಾಲಂ ಬರಿದಾಗಿರಬಹುದು. ಅಂಥವರ ಅಮೆರಿಕ ವೀಸಾದಲ್ಲಿ ಇರುವ ಹೆಸರು ಅಡ್ಡಹೆಸರಿನ ಜಾಗಕ್ಕೆ ಸರಿದು, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಲ್ಲಿಂದ ಅದು ಚಾಲನಾ ಪರವಾನಗಿಗೂ ಬ್ಯಾಂಕ್ ಖಾತೆಗೂ ಡಿಫಾಲ್ಟ್ ಆಗಿ ಹರಿಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಿಂದ ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶ ನಿಲ್ಲಿಸಿತು.

ಲಿಪಿಯ ತೊಡಕು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದ್ದರೂ ಸರ್ಕಾರಿ ಕಡತಗಳು ಬಹುಕಾಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲೇ ಇದ್ದವು. ಅವನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವೊತ್ತು ಕೈಕೊಡುವುದುಂಟು. ‘ಕಾರ್ಯಪ್ಪ’ ಮತ್ತು ‘ಕಾರ‍್ಯಪ್ಪ’ ಓದುವವರಿಗೆ ಒಂದೇ ಹೆಸರು. ಎರಡನೆಯದರಲ್ಲಿ ರಕಾರದ ಬಳಿ ಜೋಡಕವೊಂದು ಅಡಗಿದೆ, ಆದ್ದರಿಂದ ಕಂಪ್ಯೂಟರಿಗೆ ಇವು ಎರಡು. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಾಗಂತೂ ಇದೇ ಹೆಸರು ‘ಸಿ’ಯಿಂದಲೂ ‘ಕೆ’ಯಿಂದಲೂ ಶುರುವಾಗುತ್ತದೆ, ತಿಮ್ಮಯ್ಯನವರಿಗೆ ಒಂದು ‘ಎಂ’ ಕೂಡುತ್ತದೆ ಅಥವಾ ಕಳೆಯುತ್ತದೆ. ಹೀಗಾಗಿ ಪಟ್ಟಿಗಳನ್ನು ಬೆಸೆಯಬೇಕಾದಲ್ಲಿ ಹೆಸರನ್ನಲ್ಲ, ಅದರ ಹಿಂದಿನ ಸಂಖ್ಯೆಯನ್ನೇ ನೆಚ್ಚುತ್ತಾರೆ.

ಹಲವರು ಬಳಸುವ ಕಂಪ್ಯೂಟರ್

ಸೇವಾ ಕೇಂದ್ರ, ಸೈಬರ್ ಕೆಫೆ, ಶಾಲೆಯ ಕಚೇರಿಗಳಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುತ್ತಾರೆ. ಬ್ರೌಸರ್ ಹಿಂದೆ ಬಂದವರ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ನೆನಪಿಟ್ಟುಕೊಂಡು ಮುಂದಿನವರಿಗೆ ಸೂಚಿಸುತ್ತದೆ. ಮೊದಲ ಅಕ್ಷರ ಒತ್ತಿದೊಡನೆ ಅದೇ ಅಕ್ಷರದಿಂದ ಶುರುವಾಗುವ ಊರಿನವರ ಹೆಸರೆಲ್ಲ ಸಾಲಾಗಿ ಇಳಿಯುತ್ತವೆ. ಯಾರು ಯಾವ ಅರ್ಜಿ ಹಾಕಿದರೆಂಬ ಸುಳಿವು ಅದರಿಂದಲೇ ಸಿಗಬಹುದು. ಎಚ್‌ಟಿಎಂಎಲ್‌ನಲ್ಲಿ ಈ ಸೂಚನೆಯನ್ನು ಕಾಲಂವಾರು ನಿಲ್ಲಿಸಲು ಗುಣಲಕ್ಷಣವೊಂದಿದೆ, ಆದರೆ ಕೆಲವು ಸಂದರ್ಭಗಳಲ್ಲಿ ಬ್ರೌಸರ್‌ಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಥ ಯಂತ್ರಗಳಲ್ಲಿ ಅತಿಥಿ ಕಿಟಕಿಯಲ್ಲಿ ಕೆಲಸ ಮಾಡಿ ಮುಚ್ಚಿದರೆ ನೆನಪು ಉಳಿಯುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯು ಸ್ಪಷ್ಟವಾದ ಕ್ರಿಯೆಯಿಂದ ವ್ಯಕ್ತವಾಗಬೇಕು ಎನ್ನುತ್ತದೆ. ಹೆಸರು ತಾನಾಗಿ ಬರಬಹುದು. ಅದರ ಕೆಳಗಿನ ‘ಮೇಲಿನ ವಿವರ ನನ್ನದೇ, ಸರಿಯಾಗಿದೆ’ ಎಂಬ ಚೌಕದಲ್ಲಿ ಗುರುತು ಮೊದಲೇ ಬಿದ್ದಿರಬಾರದು. ಬೇರೆಯವರ ಪರವಾಗಿ ತುಂಬುವ ಫಾರಂಗಳಲ್ಲಿ ಆ ಸಾಲಿನ ‘ನನ್ನದೇ’ ಎಂಬ ಪದವನ್ನೂ ಬದಲಿಸಿ, ಅರ್ಜಿದಾರರಿಗೆ ಓದಿ ಹೇಳಲಾಗಿದೆ ಎಂದು ಬರೆಸಬೇಕಾಗುತ್ತದೆ.